ದೊಡ್ಡ ಕರುಳಿಗೆ ಯಾಕೆ ಅಷ್ಟು ನಿಧಾನ? ಪದೇ ಪದೇ ಕೇಳುವ ಪ್ರಶ್ನೆಗಳು

ಹೃದಯದ ಬಗ್ಗೆ ಜನ ಗಟ್ಟಿಯಾಗಿ ಕೇಳುತ್ತಾರೆ. ದೊಡ್ಡ ಕರುಳಿನ ವಿಷಯ ಬಂದರೆ ದನಿ ತಗ್ಗುತ್ತದೆ, ಕಣ್ಣು ಅತ್ತಿತ್ತ ಹೋಗುತ್ತದೆ. ಹಾಗಾಗಿ ಕೇಳಬೇಕಾದ ಎಷ್ಟೋ ಪ್ರಶ್ನೆಗಳು ಹೊಟ್ಟೆಯಲ್ಲೇ ಉಳಿದುಬಿಡುತ್ತವೆ. ಕೆಳಗೆ ಮಲ, ಹೂಸು ಎಂಬ ಪದಗಳು ಧಾರಾಳವಾಗಿ ಬರುತ್ತವೆ. ಮುಜುಗರ ಪಡುವವರು ಈಗಲೇ ಒಂದು ಸಲ ಪಟ್ಟು ಮುಗಿಸಿಬಿಡಿ.

ಸಣ್ಣ ಕರುಳೇ ಉದ್ದ. ಮತ್ತೆ ಇದಕ್ಕೆ ‘ದೊಡ್ಡ’ ಅಂತ ಯಾಕೆ ಹೆಸರು?

ಅಗಲ ನೋಡಿ ಇಟ್ಟ ಹೆಸರು ಅದು, ಉದ್ದ ನೋಡಿ ಅಲ್ಲ. ಸಣ್ಣ ಕರುಳು ಸುಮಾರು 6 ಮೀಟರ್ ಉದ್ದ, ಆದರೆ ಅಗಲ ಬರೀ 2.5 ಸೆಂಟಿಮೀಟರ್ ಆಸುಪಾಸು. ದೊಡ್ಡ ಕರುಳು ಸುಮಾರು 1.5 ಮೀಟರ್ ಅಷ್ಟೇ. ಅಗಲ ಮಾತ್ರ ಎರಡು ಪಟ್ಟಿಗಿಂತ ಜಾಸ್ತಿ. ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಶುರುವಿನಲ್ಲಿ ಅಗಲ, ಎಡಕ್ಕೆ ಬರುತ್ತಾ ಕಿರಿದು.

ಹೊಟ್ಟೆಯೊಳಗೆ ಅದು ಎಲ್ಲೆಲ್ಲಿ ಹಾದು ಹೋಗುತ್ತದೆ?

ಫೋಟೋಗೆ ಹಾಕಿದ ಚೌಕಟ್ಟಿನ ಹಾಗೆ. ನಡುವೆ ಸಣ್ಣ ಕರುಳು ಸುರುಳಿ ಸುತ್ತಿಕೊಂಡಿರುತ್ತದೆ, ಸುತ್ತ ದೊಡ್ಡ ಕರುಳು.

ನಿಮ್ಮ ಬಲಗೈಯನ್ನು ಹೊಟ್ಟೆಯ ಬಲಭಾಗದಲ್ಲಿ, ಸೊಂಟದ ಮೂಳೆಯ ಹತ್ತಿರ ಇಡಿ. ಅಲ್ಲಿ ಸಣ್ಣ ಕರುಳು ಬಂದು ದೊಡ್ಡ ಕರುಳಿಗೆ ಸೇರುತ್ತದೆ. ಸೇರುವ ಜಾಗದಲ್ಲಿ ಒಂದು ಕವಾಟ ಇದೆ. ಒಳಗೆ ಬಂದದ್ದು ಸುಲಭವಾಗಿ ವಾಪಸ್ ಹೋಗದ ಹಾಗೆ ಅದು ನೋಡಿಕೊಳ್ಳುತ್ತದೆ. ಕವಾಟದ ಕೆಳಗೆ ಒಂದು ಕುರುಡು ಚೀಲ, ಅದೇ ಸೀಕಮ್. ಅದರಿಂದ ಬಾಲದ ಹಾಗೆ ಇಳಿಬಿದ್ದಿರುವುದು ಅಪೆಂಡಿಕ್ಸ್.

ಅಲ್ಲಿಂದ ಕರುಳು ಬಲಗಡೆಯೇ ನೇರ ಮೇಲಕ್ಕೆ ಏರುತ್ತದೆ. ಲಿವರ್‌ನ ಕೆಳಗೆ ತಿರುಗಿ, ಹೊಟ್ಟೆಯ ಅಡ್ಡಕ್ಕೆ ಎಡಗಡೆಗೆ ಹೋಗುತ್ತದೆ. ಎಡಗಡೆ ಗುಲ್ಮದ (ಸ್ಪ್ಲೀನ್) ಹತ್ತಿರ ಮತ್ತೊಂದು ತಿರುವು, ಅಲ್ಲಿಂದ ಕೆಳಕ್ಕೆ ಇಳಿತ. ಕೊನೆಗೆ ಹಾವಿನ ಹಾಗೆ ಬಳುಕುವ ಒಂದು ತುಂಡು, ಅದಕ್ಕೆ ಸಿಗ್ಮಾಯ್ಡ್ ಅನ್ನುತ್ತಾರೆ. ಆಮೇಲೆ ಸುಮಾರು 12ರಿಂದ 15 ಸೆಂಟಿಮೀಟರ್ ಉದ್ದದ ಮಲಾಶಯ, ಕೊನೆಯ 4 ಸೆಂಟಿಮೀಟರ್ ಗುದನಾಳ.

ಏರುವ ಭಾಗ ಮತ್ತು ಇಳಿಯುವ ಭಾಗ ಬೆನ್ನಿನ ಕಡೆಯ ಗೋಡೆಗೆ ಅಂಟಿಕೊಂಡಿವೆ. ಅಡ್ಡಕ್ಕೆ ಹೋಗುವ ಭಾಗ ಮತ್ತು ಸಿಗ್ಮಾಯ್ಡ್ ಮಾತ್ರ ಉಯ್ಯಾಲೆಯ ಹಾಗೆ ತೂಗಾಡುತ್ತವೆ. ಹೀಗೆ ತೂಗಾಡುವುದರಿಂದಲೇ ಸಿಗ್ಮಾಯ್ಡ್ ಕೆಲವೊಮ್ಮೆ ತನ್ನ ಸುತ್ತ ತಾನೇ ತಿರುಚಿಕೊಂಡು ದಾರಿ ಮುಚ್ಚಿಬಿಡುತ್ತದೆ. ಅದು ತುರ್ತಾಗಿ ಆಸ್ಪತ್ರೆಗೆ ಹೋಗಬೇಕಾದ ವಿಷಯ.

ಚಿತ್ರಗಳಲ್ಲಿ ಅದು ಗಂಟು ಗಂಟಾಗಿ ಕಾಣುತ್ತದಲ್ಲ, ಯಾಕೆ?

ಕರುಳಿನ ಉದ್ದಕ್ಕೂ ಮೂರು ಸ್ನಾಯು ಪಟ್ಟಿಗಳು ಓಡುತ್ತವೆ. ಆ ಪಟ್ಟಿಗಳು ಕರುಳಿಗಿಂತ ಗಿಡ್ಡ. ಚೀಲದ ಬಾಯಿಗೆ ಹಾಕಿದ ದಾರ ಎಳೆದರೆ ಬಟ್ಟೆ ನೆರಿಗೆ ಬೀಳುತ್ತದಲ್ಲ, ಹಾಗೆ ಕರುಳೂ ಸಣ್ಣ ಸಣ್ಣ ಚೀಲಗಳಾಗಿ ಉಬ್ಬುತ್ತದೆ. ಈ ಚೀಲಗಳಿಗೂ ಒಂದು ಕೆಲಸ ಇದೆ. ಬಂದದ್ದು ಸರಸರ ಜಾರಿ ಹೋಗದೆ, ಒಂದೊಂದು ಚೀಲದಲ್ಲೂ ನಿಂತು ಮುಂದೆ ಹೋಗಬೇಕು.

ಅದರ ಮುಖ್ಯ ಕೆಲಸ ಏನು? ಕಸ ಸಾಗಿಸುವುದು ಅಷ್ಟೇ ಅಲ್ವಾ?

ಅಲ್ಲ. ಈ ಪುಟ ಬರೆಯಲು ಕೂತದ್ದೇ ಈ ‘ಅಷ್ಟೇ ಅಲ್ವಾ’ ಕೇಳಿ ಕೇಳಿ ಸಾಕಾಗಿ.

ದಿನಕ್ಕೆ ನಮ್ಮ ಜೀರ್ಣಾಂಗಕ್ಕೆ ಬರುವ ನೀರು ಸುಮಾರು 9 ಲೀಟರ್. ಅದರಲ್ಲಿ ನಾವು ತಿಂದು ಕುಡಿದದ್ದು 2 ಲೀಟರ್ ಮಾತ್ರ. ಉಳಿದ 7 ಲೀಟರ್ ದೇಹವೇ ಸುರಿದದ್ದು: ಜೊಲ್ಲು, ಜಠರದ ರಸ, ಪಿತ್ತರಸ, ಮೇದೋಜೀರಕದ ರಸ, ಕರುಳಿನ ರಸ. ಕೊಟ್ಟ ಸಾಲವನ್ನು ವಸೂಲಿ ಮಾಡದಿದ್ದರೆ ದೇಹ ಒಂದೇ ದಿನದಲ್ಲಿ ದಿವಾಳಿ. ಸಣ್ಣ ಕರುಳು ಬಹುಪಾಲು ಎಳೆದುಕೊಳ್ಳುತ್ತದೆ. ಸುಮಾರು ಒಂದೂವರೆ ಲೀಟರ್ ಮಾತ್ರ ದೊಡ್ಡ ಕರುಳಿಗೆ ಬರುತ್ತದೆ. ಬರುವಾಗ ಅದು ತೆಳ್ಳಗಿನ ಗಂಜಿಯ ಹಾಗಿರುತ್ತದೆ. ಹೊರಗೆ ಹೋಗುವಾಗ ಮಲದಲ್ಲಿ ಉಳಿಯುವ ನೀರು 100ರಿಂದ 200 ಮಿಲಿಲೀಟರ್.

ನೀರನ್ನು ಎಳೆಯುವ ಪಂಪು ಕರುಳಿನಲ್ಲಿ ಇಲ್ಲ. ಅದು ಎಳೆಯುವುದು ಉಪ್ಪನ್ನು, ಅಂದರೆ ಸೋಡಿಯಂ ಅನ್ನು. ಉಪ್ಪು ಹೋದ ಕಡೆ ನೀರು ಹಿಂದೆಯೇ ಹೋಗುತ್ತದೆ. ದೇಹದಲ್ಲಿ ಉಪ್ಪು ಕಡಿಮೆಯಾದರೆ ಆಲ್ಡೋಸ್ಟೆರಾನ್ ಎಂಬ ಹಾರ್ಮೋನು ಬಂದು ‘ಇನ್ನೂ ಹಿಂಡು’ ಅಂತ ಹೇಳುತ್ತದೆ. ಅದೇ ಹಾರ್ಮೋನು ಮೂತ್ರಪಿಂಡಕ್ಕೂ ಅದೇ ಮಾತು ಹೇಳುತ್ತದೆ. ಅಂದರೆ ಈ ವಿಷಯದಲ್ಲಿ ದೊಡ್ಡ ಕರುಳು ಮೂತ್ರಪಿಂಡದ ದಾಯಾದಿ.

ಹಿಂಡುವುದಕ್ಕೆ ಹೊತ್ತು ಬೇಕು. ಅದಕ್ಕೇ ಅಷ್ಟು ನಿಧಾನ. ಸೋಂಕೋ ಇನ್ನೇನೋ ಆಗಿ ಕರುಳು ಅವಸರ ಮಾಡಿದರೆ ನೀರು ಹಾಗೇ ಉಳಿದುಹೋಗುತ್ತದೆ. ಅದು ಭೇದಿ. ತೀರಾ ತಡ ಮಾಡಿದರೆ ಹಿಂಡಿ ಹಿಂಡಿ ಕಲ್ಲಾಗುತ್ತದೆ. ಅದು ಮಲಬದ್ಧತೆ. ಕಾಯಿಲೆಯ ಹೆಸರು ಎರಡು, ತಪ್ಪಿದ ಲೆಕ್ಕ ಮಾತ್ರ ಒಂದೇ.

ತಿಂದದ್ದು ಹೊರಗೆ ಬರಲು ಎಷ್ಟು ಹೊತ್ತು ಬೇಕು?

ಜಠರ ಮತ್ತು ಸಣ್ಣ ಕರುಳು ಸೇರಿ ಅರ್ಧ ದಿನದೊಳಗೆ ತಮ್ಮ ಪಾಲಿನ ಕೆಲಸ ಮುಗಿಸುತ್ತವೆ. ದೊಡ್ಡ ಕರುಳಿನಲ್ಲಿ ಒಂದರಿಂದ ಎರಡು ದಿನ. ಕೆಲವರಲ್ಲಿ ಇನ್ನೂ ಜಾಸ್ತಿ, ಅದೂ ಸಹಜವೇ.

ಊಟ ಮಾಡಿದ ಕೂಡಲೇ ಟಾಯ್ಲೆಟ್‌ಗೆ ಹೋಗಬೇಕು ಅನ್ನಿಸುತ್ತದೆ. ತಿಂದದ್ದು ತಿಂದ ಹಾಗೇ ಹೋಗಿಬಿಡುತ್ತದಾ?

ಇಲ್ಲ, ಅದು ನಿನ್ನೆಯದೋ ಮೊನ್ನೆಯದೋ. ಊಟ ಜಠರಕ್ಕೆ ಬಿದ್ದು ಅದು ಹಿಗ್ಗಿದರೆ, ನರಗಳ ಮೂಲಕ ದೊಡ್ಡ ಕರುಳಿಗೆ ಸುದ್ದಿ ಹೋಗುತ್ತದೆ: ಮೇಲೆ ಸಾಮಾನು ಬಂದಿದೆ, ಕೆಳಗೆ ಜಾಗ ಮಾಡು.

ದಿನದ ಹೆಚ್ಚಿನ ಹೊತ್ತು ಕರುಳು ಸುಮ್ನೆ ಹಿಂದೆ ಮುಂದೆ ಕಲಸುತ್ತಿರುತ್ತದೆ. ದಿನಕ್ಕೆ ಕೆಲವೇ ಸಲ, ಅದೂ ಬೆಳಗ್ಗೆ ಎದ್ದ ಮೇಲೆ ಮತ್ತು ಊಟದ ಬಳಿಕ, ಒಂದು ದೊಡ್ಡ ಅಲೆ ಎದ್ದು ಎಲ್ಲವನ್ನೂ ಬಹಳ ದೂರ ತಳ್ಳುತ್ತದೆ. ಆ ಅಲೆ ಮಲಾಶಯ ತಲುಪಿದಾಗ ನಿಮಗೆ ಗೊತ್ತಾಗುತ್ತದೆ. ಬೆಳಗಿನ ತಿಂಡಿ ಆದ ಅರ್ಧ ಗಂಟೆಯೊಳಗೆ ಕೂತರೆ ಕೆಲಸ ಸಲೀಸು ಅನ್ನುವುದಕ್ಕೆ ಕಾರಣ ಇದೇ.

ಕರುಳಿನಲ್ಲಿ ಬ್ಯಾಕ್ಟೀರಿಯಾ ನಮ್ಮ ಜೀವಕೋಶಗಳಿಗಿಂತ ಹತ್ತು ಪಟ್ಟು ಇವೆಯಂತೆ, ನಿಜವಾ?

ಹತ್ತು ಪಟ್ಟು ಅನ್ನುವುದು ಹಳೆಯ ಅಂದಾಜು, ಕೇಳಲು ಚೆನ್ನಾಗಿದೆ ಅಂತ ದಶಕಗಳ ಕಾಲ ಓಡಾಡಿತು. 2016ರಲ್ಲಿ ವಿಜ್ಞಾನಿಗಳು ಮತ್ತೆ ಕೂತು ಲೆಕ್ಕ ಹಾಕಿದರು. 70 ಕಿಲೋ ತೂಕದ ವಯಸ್ಕನೊಬ್ಬನಲ್ಲಿ ಬ್ಯಾಕ್ಟೀರಿಯಾ ಸುಮಾರು 38 ಲಕ್ಷ ಕೋಟಿ, ಸ್ವಂತ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಹೆಚ್ಚು ಕಡಿಮೆ ಸರಿಸಮ. ಎಲ್ಲ ಬ್ಯಾಕ್ಟೀರಿಯಾಗಳ ತೂಕ ಸೇರಿಸಿದರೂ ಕಾಲು ಕಿಲೋ ದಾಟುವುದಿಲ್ಲ. ಅವುಗಳಲ್ಲಿ ಬಹುಪಾಲು ವಾಸ ಇರುವುದು ದೊಡ್ಡ ಕರುಳಿನಲ್ಲೇ.

ಯಾಕೆ ಅಲ್ಲೇ? ಜಠರದಲ್ಲಿ ಆಮ್ಲ ಸುಡುತ್ತದೆ. ಸಣ್ಣ ಕರುಳಿನಲ್ಲಿ ಎಲ್ಲವೂ ಬೇಗ ಬೇಗ ಹರಿದು ಹೋಗುತ್ತದೆ, ಮನೆ ಕಟ್ಟಲು ಬಿಡುವಿಲ್ಲ. ದೊಡ್ಡ ಕರುಳಿನಲ್ಲಿ ಬೆಚ್ಚಗಿದೆ, ಆಮ್ಲಜನಕ ಇಲ್ಲ, ಯಾರೂ ಓಡಿಸುವುದಿಲ್ಲ. ಮತ್ತೆ ಅದೇ ನಿಧಾನದ ಕಥೆ. ನೀರು ಹಿಂಡಲು ಬೇಕಾದ ಹೊತ್ತು ಇವುಗಳ ಬೇಸಾಯಕ್ಕೂ ಸಾಕಾಗುತ್ತದೆ.

ಬಾಡಿಗೆ ಕೊಡುತ್ತವಾ ಅಂದರೆ, ಕೊಡುತ್ತವೆ. ನಾವು ತಿನ್ನುವ ನಾರಿನಂಶವನ್ನು ಒಡೆಯುವ ಕಿಣ್ವ ನಮ್ಮ ಹತ್ತಿರ ಇಲ್ಲ. ಇವು ಅದನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಚಿಕ್ಕ ಕೊಬ್ಬಿನಾಮ್ಲಗಳನ್ನು ಮಾಡುತ್ತವೆ. ಅದರಲ್ಲಿ ಬ್ಯುಟಿರೇಟ್ ವಿಶೇಷ. ದೇಹದ ಬೇರೆ ಕಡೆಯ ಜೀವಕೋಶಗಳಿಗೆ ಊಟ ರಕ್ತದಿಂದ ಬರುತ್ತದೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳು ಮಾತ್ರ ತಮ್ಮ ಶಕ್ತಿಯ ಬಹುಪಾಲನ್ನು ಈ ಬ್ಯುಟಿರೇಟ್‌ನಿಂದ ಪಡೆಯುತ್ತವೆ. ನಾರು ತಿನ್ನಿ ಅಂತ ವೈದ್ಯರು ಹೇಳಿದಾಗ ಅರ್ಧ ಊಟ ನಿಮಗಲ್ಲ, ಇವಕ್ಕೆ. ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇದರ ಜೊತೆಗೆ ಇವು ಒಂದಿಷ್ಟು ಕೆ ವಿಟಮಿನ್, ಕೆಲವು ಬಿ ವಿಟಮಿನ್‌ಗಳನ್ನೂ ತಯಾರಿಸುತ್ತವೆ.

ಅಷ್ಟು ಬ್ಯಾಕ್ಟೀರಿಯಾ ಇದ್ದೂ ಸೋಂಕು ಯಾಕೆ ಆಗುವುದಿಲ್ಲ?

ನಡುವೆ ಲೋಳೆ ಇದೆ. ಒಳಗೋಡೆಗೆ ಅಂಟಿಕೊಂಡ ಲೋಳೆ ಬಿಗಿಯಾದದ್ದು, ಬ್ಯಾಕ್ಟೀರಿಯಾ ಹೆಚ್ಚಾಗಿ ಒಳಗೆ ಬರುವುದಿಲ್ಲ. ಅದರ ಮೇಲಿನ ಸಡಿಲ ಲೋಳೆಯಲ್ಲಿ ಅವು ಹಾಯಾಗಿರುತ್ತವೆ. ಸಣ್ಣ ಕರುಳಿನ ಒಳಗಿರುವಂಥ ಬೆರಳಿನಾಕಾರದ ಚಾಚುಗಳು ಇಲ್ಲಿಲ್ಲ. ಬದಲಿಗೆ ಆಳವಾದ ಗುಳಿಗಳಿವೆ, ಆ ಗುಳಿಗಳ ತುಂಬ ಲೋಳೆ ಸುರಿಸುವ ಜೀವಕೋಶಗಳು. ಒಳಪದರ ಪೂರ್ತಿಯಾಗಿ ಕೆಲವೇ ದಿನಗಳಿಗೊಮ್ಮೆ ಹೊಸದಾಗುತ್ತದೆ.

ನೆಲೆಸಿರುವ ಬ್ಯಾಕ್ಟೀರಿಯಾಗಳೂ ಹೊಸಬರಿಗೆ ಜಾಗ ಬಿಡುವುದಿಲ್ಲ. ಆ್ಯಂಟಿಬಯೋಟಿಕ್ ಇವರನ್ನು ಓಡಿಸಿದಾಗ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಪುಂಡ ಖಾಲಿ ಮನೆಗೆ ನುಗ್ಗಿ ಜೋರು ಭೇದಿ ತರುತ್ತಾನೆ. ಮತ್ತೆ ಮತ್ತೆ ಹೀಗಾಗುವವರಿಗೆ ಆರೋಗ್ಯವಂತರ ಮಲವನ್ನು ಶುದ್ಧವಾಗಿ ತಯಾರಿಸಿ ಕರುಳಿಗೆ ಸೇರಿಸುವ ಚಿಕಿತ್ಸೆ ಇದೆ. 2013ರಲ್ಲಿ ನೆದರ್ಲೆಂಡ್ಸ್‌ನ ಪ್ರಯೋಗವೊಂದರಲ್ಲಿ ಅದು ಮಾತ್ರೆಗಿಂತ ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂದರೆ, ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಮೂಗು ಮುರಿಯುವ ಮೊದಲು ಇದನ್ನು ಯೋಚಿಸಿ.

ಹೂಸು ಎಲ್ಲಿಂದ ಬರುತ್ತದೆ? ದಿನಕ್ಕೆ ಎಷ್ಟು ಸಲ ಸಹಜ?

ಸ್ವಲ್ಪ ನುಂಗಿದ ಗಾಳಿ, ಉಳಿದದ್ದು ಬ್ಯಾಕ್ಟೀರಿಯಾ ಹುದುಗಿಸಿದ್ದರ ಹೊಗೆ ಅನ್ನಿ. ನೈಟ್ರೋಜನ್, ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್. ಇವು ಯಾವುದಕ್ಕೂ ವಾಸನೆ ಇಲ್ಲ! ಊರೆಲ್ಲ ತಿರುಗಿ ನೋಡುವಂತೆ ಮಾಡುವುದು ಅತಿ ಸಣ್ಣ ಪ್ರಮಾಣದ ಗಂಧಕದ ಅನಿಲಗಳು. ದಿನಕ್ಕೆ 10ರಿಂದ 20 ಸಲ ಬಿಡುವುದು ಸಹಜ. ನಾನು ಬಿಡುವುದೇ ಇಲ್ಲ ಅನ್ನುವವರು ನಿದ್ದೆಯಲ್ಲಿ ಬಿಡುತ್ತಾರೆ.

ಮಲದಲ್ಲಿ ಏನೇನಿರುತ್ತದೆ? ಆ ಬಣ್ಣ ಯಾಕೆ?

ಮುಕ್ಕಾಲು ಭಾಗ ನೀರು. ಉಳಿದ ಗಟ್ಟಿಯಲ್ಲಿ ದೊಡ್ಡ ಪಾಲು ಸತ್ತ ಮತ್ತು ಬದುಕಿರುವ ಬ್ಯಾಕ್ಟೀರಿಯಾ. ಆಮೇಲೆ ಜೀರ್ಣವಾಗದ ನಾರು, ಸ್ವಲ್ಪ ಕೊಬ್ಬು, ಉದುರಿದ ಜೀವಕೋಶಗಳು. ಎರಡು ದಿನ ಉಪವಾಸ ಇದ್ದರೂ ಮಲ ಬರುವುದು ಇದಕ್ಕೇ.

ಬಣ್ಣ ಹಳೆಯ ರಕ್ತದ್ದು. ಆಯಸ್ಸು ಮುಗಿದ ಕೆಂಪು ರಕ್ತಕಣ ಒಡೆದಾಗ ಬಿಲಿರುಬಿನ್ ಬರುತ್ತದೆ. ಅದು ಪಿತ್ತರಸದ ಜೊತೆ ಕರುಳಿಗೆ ಇಳಿಯುತ್ತದೆ, ಬ್ಯಾಕ್ಟೀರಿಯಾ ಅದನ್ನು ಬದಲಾಯಿಸಿ ಕಂದು ಬಣ್ಣಕ್ಕೆ ತರುತ್ತವೆ. ಪಿತ್ತನಾಳ ಕಟ್ಟಿಕೊಂಡರೆ ಮಲ ಬಿಳಿಚಿ ಜೇಡಿಮಣ್ಣಿನ ಹಾಗಾಗುತ್ತದೆ. ಕಬ್ಬಿಣದ ಮಾತ್ರೆ ತಿಂದರೆ ಕಪ್ಪಾಗುತ್ತದೆ, ಅದು ಹೆದರುವ ವಿಷಯ ಅಲ್ಲ. ಮಾತ್ರೆ ತಿನ್ನದೆಯೂ ಡಾಂಬರಿನ ಹಾಗೆ ಕಪ್ಪಾಗಿ, ಅಂಟಂಟಾಗಿ ಬಂದರೆ ಜಠರದಲ್ಲೋ ಕರುಳಿನ ಮೇಲ್ಭಾಗದಲ್ಲೋ ರಕ್ತ ಸೋರುತ್ತಿರಬಹುದು. ಅದಕ್ಕೆ ತಡ ಮಾಡಬಾರದು.

ಬಂದಿರುವುದು ಗ್ಯಾಸೋ ಮಲವೋ ಅಂತ ದೇಹಕ್ಕೆ ಹೇಗೆ ಗೊತ್ತಾಗುತ್ತದೆ?

ನನಗೆ ಇಡೀ ಕರುಳಿನಲ್ಲಿ ಅತಿ ಇಷ್ಟದ ಭಾಗ ಇದು. ಗುದನಾಳಕ್ಕೆ ಎರಡು ಬಾಗಿಲು. ಒಳಬಾಗಿಲ ಸ್ನಾಯು ನಮ್ಮ ಮಾತು ಕೇಳುವುದಿಲ್ಲ, ತನ್ನಷ್ಟಕ್ಕೆ ನಡೆಯುತ್ತದೆ. ಹೊರಬಾಗಿಲು ನಮ್ಮ ಕೈಯಲ್ಲಿ. ಮಲಾಶಯ ತುಂಬಿ ಹಿಗ್ಗಿದಾಗ ಒಳಬಾಗಿಲು ಒಂದು ಕ್ಷಣ ಸಡಿಲವಾಗಿ, ಬಂದದ್ದರ ಒಂದು ಚೂರನ್ನು ಕೆಳಗೆ ಬಿಡುತ್ತದೆ. ಅಲ್ಲಿನ ಚರ್ಮ ಬೆರಳ ತುದಿಯಷ್ಟೇ ಚುರುಕು. ಮುಟ್ಟಿ ನೋಡಿ, ಗಾಳಿಯೋ ನೀರೋ ಗಟ್ಟಿಯೋ ಅಂತ ಮೇಲಕ್ಕೆ ವರದಿ ಕಳಿಸುತ್ತದೆ. ಅಷ್ಟು ಹೊತ್ತು ಹೊರಬಾಗಿಲು ಬಿಗಿಯಾಗಿರುತ್ತದೆ. ಮೀಟಿಂಗ್‌ನಲ್ಲಿ ಕೂತು ನೀವು ಇನ್ನೇನೋ ಯೋಚಿಸುತ್ತಿರುವಾಗಲೇ ಇದೆಲ್ಲ ನಡೆದುಹೋಗಿರುತ್ತದೆ.

ಇನ್ನೊಂದು ಸ್ನಾಯು ಮಲಾಶಯದ ಕೊನೆಯನ್ನು ಹಿಂದಿನಿಂದ ಬಳಸಿ ಮುಂದಕ್ಕೆ ಎಳೆದು ಹಿಡಿದಿರುತ್ತದೆ. ಹೋಸ್ ಪೈಪು ಮಡಚಿದರೆ ನೀರು ನಿಲ್ಲುವ ಹಾಗೆ ಅಲ್ಲೊಂದು ಮಡಿಕೆ. ಕುಕ್ಕರುಗಾಲಲ್ಲಿ ಕೂತರೆ ಆ ಮಡಿಕೆ ನೇರವಾಗುತ್ತದೆ. ಕಮೋಡ್ ಮೇಲೆ ಕೂರುವವರು ಕಾಲ ಕೆಳಗೆ ಪುಟ್ಟ ಸ್ಟೂಲ್ ಇಟ್ಟುಕೊಂಡು ಸ್ವಲ್ಪ ಮುಂದಕ್ಕೆ ಬಾಗಿದರೆ ಹೆಚ್ಚುಕಡಿಮೆ ಅದೇ ಅನುಕೂಲ.

ದಿನಾ ಹೋಗದಿದ್ದರೆ ಮಲಬದ್ಧತೆ ಅಂತಲಾ?

ಅಲ್ಲ. ದಿನಕ್ಕೆ ಮೂರು ಸಲದಿಂದ ಹಿಡಿದು ವಾರಕ್ಕೆ ಮೂರು ಸಲದವರೆಗೆ ಎಲ್ಲವೂ ಸಹಜ. ಎಣಿಕೆಗಿಂತ ಹೇಗೆ ಬರುತ್ತದೆ ಅನ್ನುವುದು ಮುಖ್ಯ. 1997ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ವೈದ್ಯರು ಮಲವನ್ನು ಆಕಾರ ನೋಡಿ ಏಳು ಬಗೆಯಾಗಿ ವಿಂಗಡಿಸಿದ ಪಟ್ಟಿ ಪ್ರಕಟಿಸಿದರು. 1 ಅಂದರೆ ಹಿಕ್ಕೆಯ ಹಾಗೆ ಬಿಡಿ ಬಿಡಿ ಗಟ್ಟಿ ಉಂಡೆ, 7 ಅಂದರೆ ಬರೀ ನೀರು. 3 ಮತ್ತು 4 ಸರಿಯಾದ ಹದ. ವೈದ್ಯರ ಮುಂದೆ ತಡವರಿಸುವ ಬದಲು ಸುಮ್ನೆ ‘ಎರಡನೇ ನಂಬರ್ ಥರ’ ಅಂದರೆ ಸಾಕು, ಅವರಿಗೆ ಅರ್ಥವಾಗುತ್ತದೆ.

ಬಂದಾಗ ತಡೆಯುವ ಅಭ್ಯಾಸ ಬೇಡ. ತಡೆದರೆ ಅಲೆ ಹಿಂದೆ ಸರಿಯುತ್ತದೆ, ಮಲ ಅಲ್ಲೇ ಕೂತು ಇನ್ನಷ್ಟು ಒಣಗುತ್ತದೆ. ದಿನಗಟ್ಟಲೆ ಹೀಗೆ ಮಾಡಿದರೆ ಮಲಾಶಯ ಕೂಗುವುದನ್ನೇ ಕಡಿಮೆ ಮಾಡುತ್ತದೆ. ನಾರು ಜಾಸ್ತಿ ಮಾಡುವವರು ಒಂದೇ ದಿನ ರಾಶಿ ಹಾಕಬೇಡಿ, ಹೊಟ್ಟೆ ಉಬ್ಬುತ್ತದೆ. ವಾರ ವಾರಕ್ಕೆ ಸ್ವಲ್ಪ ಏರಿಸಿ, ಜೊತೆಗೆ ನೀರು ಕುಡಿಯಿರಿ.

ಅಪೆಂಡಿಕ್ಸ್ ನಿಜಕ್ಕೂ ಕೆಲಸಕ್ಕೆ ಬಾರದ್ದಾ?

ಡಾರ್ವಿನ್ ಹಾಗೇ ಅಂದುಕೊಂಡಿದ್ದ. ಈಗ ಅಷ್ಟು ಖಚಿತವಾಗಿ ಯಾರೂ ಹೇಳುವುದಿಲ್ಲ. ಅದರ ಗೋಡೆಯಲ್ಲಿ ರೋಗನಿರೋಧಕ ಅಂಗಾಂಶ ದಟ್ಟವಾಗಿದೆ. ಭೇದಿಯಾಗಿ ಕರುಳು ತೊಳೆದುಹೋದ ಮೇಲೆ ಒಳ್ಳೆಯ ಬ್ಯಾಕ್ಟೀರಿಯಾ ಮತ್ತೆ ಹಬ್ಬಲು ಇದು ಬೀಜದ ಕಣಜ ಎಂಬ ವಾದವೂ 2007ರಿಂದ ಇದೆ. ವಾದ ಅಷ್ಟೇ, ಇನ್ನೂ ತೀರ್ಪಲ್ಲ. ತೆಗೆಸಿಕೊಂಡವರು ಆರಾಮಾಗಿಯೇ ಇದ್ದಾರೆ.

ಅದು ಬಾತುಕೊಂಡಾಗ ನೋವು ಮೊದಲು ಹೊಕ್ಕುಳ ಸುತ್ತ ಶುರುವಾಗಿ, ಕೆಲವು ಗಂಟೆಗಳಲ್ಲಿ ಬಲಗಡೆ ಕೆಳಕ್ಕೆ ಇಳಿಯುತ್ತದೆ. ಕರುಳಿನ ನರಗಳಿಗೆ ಜಾಗ ಸರಿಯಾಗಿ ಹೇಳಲು ಬರುವುದಿಲ್ಲ. ಉರಿಯೂತ ಹೊಟ್ಟೆಯ ಒಳಗೋಡೆಗೆ ತಾಗಿದ ಮೇಲೆಯೇ ‘ಇಲ್ಲಿ’ ಅಂತ ಬೆರಳಿಟ್ಟು ತೋರಿಸಲು ಆಗುವುದು. ಆಗ ಭೇದಿ ಮಾಡಿಸುವ ಮಾತ್ರೆ ನುಂಗಿ ಮಲಗಬೇಡಿ.

ಕರುಳನ್ನು ಆಗಾಗ ತೊಳೆಸಿದರೆ ವಿಷ ಹೋಗುತ್ತದಂತೆ?

ಹಳೆಯ ಹೆದರಿಕೆ ಇದು. ಮಲ ಒಳಗೆ ಕೊಳೆತು ರಕ್ತಕ್ಕೆ ವಿಷ ಏರುತ್ತದೆ ಅಂತ ನೂರು ವರ್ಷದ ಹಿಂದೆ ದೊಡ್ಡ ದೊಡ್ಡ ವೈದ್ಯರೂ ನಂಬಿದ್ದರು. ಲಂಡನ್ನಿನ ಹೆಸರಾಂತ ಸರ್ಜನ್ ಅರ್ಬತ್‌ನಾಟ್ ಲೇನ್ ಮಲಬದ್ಧತೆ ಇದ್ದವರ ದೊಡ್ಡ ಕರುಳನ್ನೇ ಕೊಯ್ದು ತೆಗೆಯುತ್ತಿದ್ದ! ಆ ಸಿದ್ಧಾಂತ ಬಿದ್ದುಹೋಯಿತು, ವ್ಯಾಪಾರ ಮಾತ್ರ ಉಳಿಯಿತು. ಕೆಲವೇ ದಿನಕ್ಕೊಮ್ಮೆ ತನ್ನ ಒಳಪದರವನ್ನೇ ಬದಲಾಯಿಸುವ ಅಂಗಕ್ಕೆ ಹೊರಗಿನವರ ಪೊರಕೆ ಬೇಡ. ಪೈಪು ಹಾಕಿ ನೀರು ನುಗ್ಗಿಸುವುದರಲ್ಲಿ ಕರುಳು ತೂತಾಗುವ, ದೇಹದ ಲವಣಗಳು ಏರುಪೇರಾಗುವ ಅಪಾಯ ಇದೆ. ಕೊಲೊನೊಸ್ಕೋಪಿಗೆ, ಅಂದರೆ ಗುದದ ಮೂಲಕ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳು ನೋಡುವ ಪರೀಕ್ಷೆಗೆ ಮುಂಚೆ ವೈದ್ಯರು ಕರುಳು ಖಾಲಿ ಮಾಡಿಸುವುದು ಬೇರೆ ವಿಷಯ, ಅದು ಒಳಗೆ ಕಾಣಲಿ ಅಂತ.

ದೊಡ್ಡ ಕರುಳು ಇಲ್ಲದೆ ಬದುಕಬಹುದಾ?

ಬದುಕಬಹುದು. ದೊಡ್ಡ ಕರುಳಿನ ಒಳಪದರ ಉರಿದು ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್ ಎಂಬ ಕಾಯಿಲೆ ತೀರಾ ಜೋರಾದಾಗ ಪೂರ್ತಿ ತೆಗೆಯುತ್ತಾರೆ. ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತೆರೆದು ಚೀಲ ಅಂಟಿಸುತ್ತಾರೆ, ಇಲ್ಲವೇ ಅದೇ ತುದಿಯಿಂದ ಒಳಗೇ ಒಂದು ಹೊಸ ಚೀಲ ಹೊಲಿದು ಗುದಕ್ಕೆ ಜೋಡಿಸುತ್ತಾರೆ. ಜನ ಕೆಲಸ ಮಾಡುತ್ತಾರೆ, ಮಕ್ಕಳನ್ನು ಹೆರುತ್ತಾರೆ, ಈಜುತ್ತಾರೆ. ನೀರು ಮತ್ತು ಉಪ್ಪಿನ ಲೆಕ್ಕ ಮಾತ್ರ ಇನ್ನು ಮುಂದೆ ಅವರೇ ಇಟ್ಟುಕೊಳ್ಳಬೇಕು. ಕರುಳು ಮಾಡುತ್ತಿದ್ದ ಕೆಲಸ ಏನು ಅಂತ ಚೆನ್ನಾಗಿ ಗೊತ್ತಿರುವುದು ಅವರಿಗೇ.

ಯಾವಾಗ ವೈದ್ಯರ ಹತ್ತಿರ ಹೋಗಲೇಬೇಕು?

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ವಾರಗಟ್ಟಲೆ ಬದಲಾದ ಅಭ್ಯಾಸ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ. ಇವುಗಳಲ್ಲಿ ಯಾವುದಿದ್ದರೂ ಹೋಗಿ. ರಕ್ತ ಕಂಡ ಕೂಡಲೇ ‘ಪೈಲ್ಸ್ ಇರಬೇಕು ಬಿಡು’ ಅಂತ ತಾವೇ ತೀರ್ಮಾನ ಮಾಡುವವರು ಬಹಳ. ಹೆಚ್ಚಿನ ಸಲ ಅದು ಪೈಲ್ಸೇ. ಆದರೆ ನೋಡದೆ ಹೇಳಲು ಆಗುವುದಿಲ್ಲ.

ದೊಡ್ಡ ಕರುಳು ಮತ್ತು ಮಲಾಶಯದ ಕ್ಯಾನ್ಸರ್ ಜಗತ್ತಿನಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್‌ಗಳಲ್ಲಿ ಮೂರನೆಯದು. ಒಳ್ಳೆಯ ಸುದ್ದಿಯೂ ಇದೆ. ಅದು ಸಾಮಾನ್ಯವಾಗಿ ಪಾಲಿಪ್ ಎಂಬ ಪುಟ್ಟ ಗಂಟಿನಿಂದ ಶುರುವಾಗಿ, ಕ್ಯಾನ್ಸರ್ ಆಗಲು ಸುಮಾರು ಹತ್ತು ವರ್ಷ ತೆಗೆದುಕೊಳ್ಳುತ್ತದೆ. ಇಲ್ಲಿ ರೋಗಕ್ಕೂ ನಿಧಾನ! 1969ರಲ್ಲಿ ನ್ಯೂಯಾರ್ಕ್‌ನಲ್ಲಿ ವಿಲಿಯಂ ವುಲ್ಫ್ ಮತ್ತು ಹಿರೋಮಿ ಶಿನ್ಯಾ ಕೊಲೊನೊಸ್ಕೋಪ್ ಮೂಲಕವೇ, ಹೊಟ್ಟೆ ಕೊಯ್ಯದೆ, ಪಾಲಿಪ್ ತೆಗೆದು ತೋರಿಸಿದರು. ಅಂದಿನಿಂದ ಈ ಕ್ಯಾನ್ಸರನ್ನು ಹುಟ್ಟುವ ಮೊದಲೇ ಕತ್ತರಿಸಿ ಹಾಕಲು ಸಾಧ್ಯವಾಗಿದೆ. ಹಲವು ದೇಶಗಳಲ್ಲಿ 45 ಅಥವಾ 50 ವರ್ಷ ದಾಟಿದವರಿಗೆ ಯಾವ ತೊಂದರೆ ಇಲ್ಲದಿದ್ದರೂ ತಪಾಸಣೆ ಮಾಡಿಸಿಕೊಳ್ಳಲು ಹೇಳುತ್ತಾರೆ. ಮನೆಯಲ್ಲಿ ಯಾರಿಗಾದರೂ ಬಂದಿದ್ದರೆ ಇನ್ನೂ ಬೇಗ.

ಫೋನ್ ಹಿಡಿದು ಟಾಯ್ಲೆಟ್‌ನಲ್ಲಿ ಅರ್ಧ ಗಂಟೆ ಕೂತರೆ ಏನಾಗುತ್ತದೆ?

ಗುದದ ಸುತ್ತಲಿನ ರಕ್ತನಾಳಗಳ ಮೇಲೆ ಒತ್ತಡ ಬಿದ್ದು ಅವು ಊದಿಕೊಳ್ಳುತ್ತವೆ. ಪೈಲ್ಸ್‌ಗೆ ಇದು ನೇರ ದಾರಿ. ತಿಣುಕಿದಷ್ಟೂ ಕೆಡುಕು. ಹತ್ತು ನಿಮಿಷವಾದರೂ ಬರಲಿಲ್ಲ ಅಂದರೆ ಎದ್ದು ಬನ್ನಿ. ಅಲೆ ಎದ್ದಾಗ ಅದೇ ಹೇಳಿ ಕಳಿಸುತ್ತದೆ.